ಗದ್ದಿಗೆಯ ಸೀಟು

ಹೊಳೆಯ ದಂಡೆಗೆ ಒಂದು ಮಠ. ಮಠದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಹುಣಸೆಮರದ ಕೆಳಗೆ ಒಂದು ಹಳೆಯ ಪಿಕಪ್ ಗಾಡಿ. ಮೂರರಲ್ಲಿ ಕೆಟ್ಟು ನಿಂತಿರುವುದು ಗಾಡಿಯೊಂದೇ ಎಂದು ಶಿಷ್ಯ ತಿಳಿದಿದ್ದ.

ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಗಾಡಿ ಅವರ ಗುರುಗಳಾದ ದೊಡ್ಡಜ್ಜಾರ ಕಾಲದ್ದು. ದೊಡ್ಡಜ್ಜಾರು ಅದರಲ್ಲಿ ಊರೂರು ತಿರುಗುತ್ತಿದ್ದರು. ಓಡಿಸುತ್ತಿದ್ದವರು ಆಗಿನ್ನೂ ಶಿಷ್ಯರಾಗಿದ್ದ ಈ ಅಜ್ಜಾರು.

ದೊಡ್ಡಜ್ಜಾರು ಲಿಂಗೈಕ್ಯರಾದ ಮೇಲೆ ಗಾಡಿ ನಿಂತಿತು. ಅದರ ಬಂಪರಿಗೆ ಮಠದ ಕರುವನ್ನು ಕಟ್ಟುತ್ತಿದ್ದರು. ಅಷ್ಟರ ಮಟ್ಟಿಗೆ ಅದು ಸೇವೆಯಲ್ಲಿಯೇ ಇತ್ತು.

ಶಿಷ್ಯನ ಹೆಸರು ಮುರಿಗೆಪ್ಪ. ಅವನಿಗೆ ಬೇಕಾಗಿದ್ದು ಉಪದೇಶ, ಗುರು ಬಲಗಿವಿಯಲ್ಲಿ ಹೇಳುವ ಆ ಒಂದು ಮಾತು. ಅದಕ್ಕಾಗಿ ಎಲ್ಲವನ್ನೂ ಬಿಟ್ಟು ಬಂದಿದ್ದೇನೆ ಎಂದು ಅವನು ಹೇಳುತ್ತಿದ್ದ. ಬಿಡುವುದಕ್ಕೆ ಏನಿತ್ತು ಎಂದು ಯಾರೂ ಕೇಳಿರಲಿಲ್ಲ.

ಅವನು ಉಪದೇಶ ಕೇಳಿದಾಗಲೆಲ್ಲ ಅಜ್ಜಾರು ಒಂದು ಕೆಲಸ ಹೇಳುತ್ತಿದ್ದರು. ಕೆಲಸ ಮುಗಿಸಿ ಬಂದರೆ ಮತ್ತೊಂದು ಹೇಳುತ್ತಿದ್ದರು. ಹೀಗೆ ಮಠದ ಗೋಡೆಗಳಿಗೆಲ್ಲ ಸುಣ್ಣವಾಗಿತ್ತು.

ಹೊಳೆಯಾಚೆಯ ಪೇಟೆಯಲ್ಲಿ ಒಂದು ದವಾಖಾನೆ ಇತ್ತು. ರೋಗಿಗಳ ಜೊತೆಗೆ ಬಂದು ಮರದ ಕೆಳಗೆ ಕೂತಿರುವವರಿಗೆ ಮಠದಿಂದ ಮಧ್ಯಾಹ್ನದ ಊಟ ಹೋಗುತ್ತಿತ್ತು. ಒಯ್ಯುವ ಟೆಂಪೋ ಬಾಡಿಗೆಯದು. ಬೇರೆ ಬಾಡಿಗೆ ಸಿಗದ ದಿನ ಮಾತ್ರ ಅದು ಮಠಕ್ಕೆ ಬರುತ್ತಿತ್ತು. ಉಳಿದ ದಿನ ರೊಟ್ಟಿ ಕರುವಿನ ಪಾಲು.

ಅಜ್ಜಾರು ಮುರಿಗೆಪ್ಪನನ್ನು ಕರೆದು ಹುಣಸೆಮರದ ಕಡೆ ಕೈ ತೋರಿಸಿದರು.

“ಆ ಗಾಡಿ ದಿನಾ ದವಾಖಾನಿಗೆ ಹೋಗಿ ಬರೂ ಹಂಗ ಮಾಡು. ಆದ ದಿನ ಕಿವ್ಯಾಗ ಹೇಳ್ತೀನಿ.”

ಈ ಮಾತಿನಲ್ಲಿ ‘ದಿನಾ’ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮುರಿಗೆಪ್ಪನ ಮನಸ್ಸಿನಲ್ಲಿ ನಿಂತಿತು.

ಪೇಟೆಯಿಂದ ಮಾಬುಸಾಬ ಮೇಸ್ತ್ರಿ ಬಂದ. ಬಾನೆಟ್ ಎತ್ತಿದರೆ ಒಳಗೆ ಅಳಿಲು ಸಂಸಾರ ಹೂಡಿತ್ತು. ಅದನ್ನು ಬೇರೆ ಕಡೆ ಸಾಗಿಸಿದ ಮೇಲೆ ಮೇಸ್ತ್ರಿ ಎಲ್ಲವನ್ನೂ ನೋಡಿ, ಇಷ್ಟು ವರ್ಷ ಯಾರೂ ರಿಪೇರಿ ಮಾಡದಿರುವುದರಿಂದ ಎಂಜಿನ್ ಚೆನ್ನಾಗಿಯೇ ಇದೆ ಎಂದ.

ಆದರೆ ಕ್ಲಚ್ ಪ್ಲೇಟು ಸುಟ್ಟು ಕರಕಾಗಿತ್ತು. ಓಡಿಸುವವನು ಎಡಗಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಂಡೇ ಓಡಿಸಿದರೆ ಹೀಗಾಗುತ್ತದೆ ಎಂದು ಮಾಬುಸಾಬ ತಿಳಿಸಿ ಹೇಳಿದ. ಎಂಜಿನ್ ತಿರುಗುತ್ತದೆ, ಬಲ ಪೂರ್ತಿಯಾಗಿ ಗಾಲಿಗೆ ಮುಟ್ಟುವುದಿಲ್ಲ, ನಡುವೆ ಇರುವ ಪ್ಲೇಟು ಸುಡುತ್ತದೆ.

ಮುರಿಗೆಪ್ಪ ಆ ಕರಕು ಪ್ಲೇಟನ್ನು ಅಜ್ಜಾರ ಮುಂದೆ ಹಿಡಿದ.

“ಯಾರ್ರಿ ಇದನ್ನ ಸುಟ್ಟಾಂವ?”

“ಇದ್ದ ಒಬ್ಬಾಂವ. ಗುರುವಿನ ಮ್ಯಾಲೆ ಭಾಳ ಭಕ್ತಿ.”

ಆಗ ಗಾಡಿ ಓಡಿಸುತ್ತಿದ್ದವರು ಯಾರೆಂಬುದು ನೆನಪಾಗಿ ಮುರಿಗೆಪ್ಪ ಪ್ಲೇಟನ್ನು ಬೆನ್ನ ಹಿಂದೆ ಮರೆಮಾಡಿದ.

ಕೆಲಸ ಸಾಗಿತು. ಮುರಿಗೆಪ್ಪ ತುಕ್ಕು ಕೆರೆದ, ಡೀಸೆಲ್ ಟ್ಯಾಂಕು ತೊಳೆದ, ತಳದ ತಗಡಿಗೆ ವೆಲ್ಡಿಂಗ್ ಮಾಡಿಸಿದ. ಹಳೆಯ ಬಣ್ಣದ ಒಂದು ಚಕ್ಕೆಯನ್ನು ಅಂಗಡಿಯಿಂದ ಅಂಗಡಿಗೆ ಒಯ್ದು ಅದೇ ಹಸಿರು ಮಾಡಿಸಿ ತಂದ. ಬಂಪರನ್ನು ವಿಭೂತಿಯಿಂದ ತಿಕ್ಕಿದ. ಕರು ಅದರಲ್ಲಿ ತನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಸಂಜೆ ಅಜ್ಜಾರು ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು.

“ನಿಲ್ಲತೈತೇನು?”

“ಇನ್ನೂ ಓಡೇ ಇಲ್ರೀ ಅಜ್ಜಾರ.”

“ಓಡೂದು ಇರಲಿ. ಇಳಿಜಾರು ಸಿಕ್ಕರ ಬಂಡಿಗಲ್ಲೂ ಓಡತೈತಿ.”

ಬ್ರೇಕಿನ ವಿಷಯಕ್ಕೇ ಜಗಳ ಬಂತು. ಹಳೆಯ ಬ್ರೇಕು ಕೆಲಸಕ್ಕೆ ಬಾರದು, ಈಚಿನ ಗಾಡಿಯ ಬ್ರೇಕು ಹಾಕೋಣ ಎಂದು ಮಾಬುಸಾಬ ಹೇಳಿದ. ರೇಡಿಯೇಟರೂ ಹೊಸದು ಬೇಕು, ವೈರು ಪೂರಾ ಬದಲಿಸಬೇಕು, ಇಲ್ಲದಿದ್ದರೆ ವಾರಕ್ಕೊಮ್ಮೆ ತಳ್ಳಿಕೊಂಡು ಬರಬೇಕಾಗುತ್ತದೆ ಎಂದ. ದೊಡ್ಡಜ್ಜಾರ ಕಾಲದ ಒಂದು ಮೊಳೆಯನ್ನೂ ಕಳೆಯಕೂಡದು ಎಂಬುದು ಮುರಿಗೆಪ್ಪನ ಹಟ. ಹಿಂದಿನ ಕಿಟಕಿಯ ಗಾಜು ಒಡೆದಿತ್ತು. ಅಂಥದೇ ಗಾಜು ಸಿಗಲಿಲ್ಲ, ಬೇರೆಯದನ್ನು ಅವನು ಒಪ್ಪಲಿಲ್ಲ, ಕಿಟಕಿ ಬಯಲಾಗಿಯೇ ಉಳಿಯಿತು.

ದೂರು ಅಜ್ಜಾರವರೆಗೆ ಹೋಯಿತು.

“ಎಲ್ಲಾ ಬ್ಯಾರೇದು ಹಾಕಿದ ಮ್ಯಾಲೆ ಇದು ದೊಡ್ಡಜ್ಜಾರ ಗಾಡಿ ಹೆಂಗ ಆಕ್ಕೈತ್ರಿ?” ಎಂದ ಮುರಿಗೆಪ್ಪ.

“ಹಂಗಾರ ನನಗ್ಯಾಕ ಅಜ್ಜಾರ ಅಂತಿ?” ಎಂದರು ಗುರುಗಳು. “ನನ್ನನ್ನೂ ಆಮ್ಯಾಲೇ ಹಾಕಿದ್ದು.”

ಕ್ಲಚ್ ಪ್ಲೇಟು, ಬ್ರೇಕು, ರೇಡಿಯೇಟರು, ವೈರು ಬದಲಾದವು.

ಉಳಿದದ್ದು ಸೀಟು. ಹಳೆಯ ಗಾಡಿಗಳಲ್ಲಿ ಇರುವಂತೆ ಅದು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದನೆಯ ಸೀಟು. ಎಡಗಡೆಯಲ್ಲಿ ದೊಡ್ಡಜ್ಜಾರು ವರ್ಷಗಟ್ಟಲೆ ಕೂತು ಕೂತು ಒಂದು ದುಂಡನೆಯ ತಗ್ಗು ಬಿದ್ದಿತ್ತು.

ಸ್ಪಂಜು ತುಂಬಿ ಹೊಸ ರೆಕ್ಸಿನ್ ಹೊದಿಸಲು ಮಾಬುಸಾಬ ಕತ್ತರಿ ಎತ್ತಿದ್ದ. ಮುರಿಗೆಪ್ಪ ಅವನ ಕೈ ಹಿಡಿದ. ತಗ್ಗು ನೋಡಿದ. ಗುರು ಕೂತ ಜಾಗಕ್ಕೆ ಮಠದಲ್ಲಿ ಒಂದೇ ಹೆಸರಿದೆ, ಅದು ಗದ್ದಿಗೆ.

ಅಂದೇ ಅಲ್ಲಿಗೆ ಕಾವಿಯ ರೇಷ್ಮೆ ಶಾಲು ಬಂತು. ಶಾಲಿನ ಮೇಲೆ ವಿಭೂತಿ ಗಟ್ಟಿ, ಬಿಲ್ವಪತ್ರೆ. ಗಾಡಿಯ ಬಳಿ ಬರುವವರು ಚಪ್ಪಲಿ ಬಿಟ್ಟು ಬರತೊಡಗಿದರು.

ಆಗ ಒಂದು ತೊಡಕು ಎದ್ದಿತು. ಸೀಟು ಒಂದೇ. ಗುರುವಿನ ಗದ್ದಿಗೆಯ ಮೇಲೆ ಶಿಷ್ಯ ಸರಿಸಮನಾಗಿ ಕೂರುವುದು ಹೇಗೆ?

ಮುರಿಗೆಪ್ಪ ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಗರಗಸ ತರಿಸಿ ಸೀಟನ್ನು ಎರಡು ಹೋಳು ಮಾಡಿಸಿದ. ತನ್ನ ಹೋಳನ್ನು ಒಂದು ಗೇಣು ತಗ್ಗಿಸಿ ಕೂರಿಸಿಕೊಂಡ. ಇಷ್ಟು ತಗ್ಗಿದರೆ ರಸ್ತೆ ಕಾಣುವುದಿಲ್ಲ ಎಂದು ಮಾಬುಸಾಬ ಹೇಳಿ ನೋಡಿದ. ಗುರು ಇರುವಾಗ ದಾರಿಯ ಚಿಂತೆ ಶಿಷ್ಯನಿಗೇಕೆ ಎಂದು ಮುರಿಗೆಪ್ಪ ಉತ್ತರ ಕೊಟ್ಟ. ಮೇಸ್ತ್ರಿ ಪಾನಾ ಪಕ್ಕಡ ಕಟ್ಟಿಕೊಂಡು ಪೇಟೆಗೆ ಹೋದ.

ಗಾಡಿ ಹೊರಟಿತು. ಅಡುಗೆಯ ನೀಲಗಂಗವ್ವ ರೊಟ್ಟಿಯ ಬುಟ್ಟಿ, ಅನ್ನದ ಪಾತ್ರೆ, ಸಾರಿನ ಹಂಡೆಗಳ ನಡುವೆ ಹಿಂದೆ ಕೂತಳು. ಮುಂದೆ ಗದ್ದಿಗೆ ಮತ್ತು ಮುರಿಗೆಪ್ಪ.

ಕೂತ ಜಾಗ ತಗ್ಗಾಗಿ ಅವನ ಮೊಣಕಾಲುಗಳು ಎದೆಗೆ ಬಂದಿದ್ದವು. ಎಡಗಾಲಿಗೆ ಬೇರೆ ನೆಲೆ ಸಿಗಲಿಲ್ಲ, ಅದು ಕ್ಲಚ್ಚಿನ ಮೇಲೆಯೇ ನಿಂತಿತು. ಪತ್ರೆ ಜಾರಿ ಬೀಳದಂತೆ ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ.

ಹೊರಗೆ ನಿಂತವರಿಗೆ ಅವನು ಕಾಣುತ್ತಿರಲಿಲ್ಲ. ಎಡಗಡೆ ಶಾಲು ಹೊದ್ದ ಗದ್ದಿಗೆ, ಬಲಗಡೆ ಯಾರೂ ಇಲ್ಲ, ಗಾಡಿ ಮಾತ್ರ ಬರುತ್ತಿದೆ. ದೊಡ್ಡಜ್ಜಾರು ತಾವೇ ಓಡಿಸುತ್ತಿದ್ದಾರೆ ಎಂಬ ಸುದ್ದಿ ಗಾಡಿಗಿಂತ ಮೊದಲು ಪೇಟೆ ಮುಟ್ಟಿತು.

ಮರುದಿನ ಜನ ರಸ್ತೆಗೆ ಬಂದು ತೆಂಗಿನಕಾಯಿ ಹಿಡಿದು ನಿಂತರು. ಅದರ ಮರುದಿನ ಇನ್ನೂ ಹೆಚ್ಚು ಜನ ನಿಂತರು. ಪ್ರತಿ ಕಾಯಿಗೂ ಗಾಡಿ ನಿಲ್ಲಬೇಕಾಯಿತು. ಹೊಸ ಬ್ರೇಕು ಬಹಳ ಚೆನ್ನಾಗಿ ಕೆಲಸ ಮಾಡಿತು.

ಮುರಿಗೆಪ್ಪ ಅಜ್ಜಾರ ಮುಂದೆ ಬಂದು ಕೈ ಮುಗಿದು ನಿಂತ. ಗಾಡಿ ಹೋಗಿ ಬರುತ್ತಿದೆ, ಇನ್ನು ಉಪದೇಶ ಆಗಬೇಕು ಎಂದ.

ಅಜ್ಜಾರು ನೀಲಗಂಗವ್ವನ ಕಡೆ ನೋಡಿದರು.

“ಹೋಕ್ಕೈತ್ರಿ, ಬರ್ತೈತ್ರಿ” ಎಂದಳು ನೀಲಗಂಗವ್ವ. “ನಡುವ ಎಮ್ಮಿಗೋಳು ನಮ್ಮನ್ನ ಹಿಂದ ಹಾಕಿ ಹೋದ್ವು. ಒಂದೆಮ್ಮಿ ಹೊಳ್ಳಿ ನೋಡಿ ಮರುಗಿತು.”

“ಊಟ?”

“ಹೋಗೂದ್ರಾಗ ಹೊತ್ತು ಇಳಿದಿತ್ರಿ. ಅರ್ಧ ಸಾರು ನನ್ನ ಸೀರಿ ಮ್ಯಾಲೆ, ಉಳಿದರ್ಧ ತಣ್ಣಗ. ಒಬ್ಬಾಕಿ ಮುದುಕಿ ತಾಟು ಹಿಡಕೊಂಡು ಕುಂತಲ್ಲೇ ಮಲಗಿಬಿಟ್ಟಿದ್ಲು. ಎಬ್ಬಿಸಿ ಹಾಕಿ ಬಂದೆ. ಆಕಿ ಇದು ಮುಂಜಾನಿದೋ ಸಂಜೀದೋ ಅಂತ ಕೇಳಿದ್ಲು.”

ಮುರಿಗೆಪ್ಪ, ಜನರ ಭಕ್ತಿಗೆ ಅಡ್ಡ ಬರುವುದು ಹೇಗೆ ಎಂದ. ದೊಡ್ಡಜ್ಜಾರೇ ಗಾಡಿ ಓಡಿಸುತ್ತಾರೆ ಎಂದು ಊರೆಲ್ಲ ನಂಬಿದೆ ಎಂದು ಹೇಳುವಾಗ ಅವನ ಮುಖ ಸ್ವಲ್ಪ ಬೆಳಗಿತು.

“ಅವರಿಗೆ ಗಾಡಿ ಓಡಸಾಕ ಬರ್ತಿರಲಿಲ್ಲ” ಎಂದರು ಅಜ್ಜಾರು.

ಅಂದೂ ಉಪದೇಶ ಆಗಲಿಲ್ಲ.

ಬೆಳಿಗ್ಗೆ ಅಡುಗೆ ಇಳಿಯುವ ಹೊತ್ತಿಗೆ ಅಜ್ಜಾರು ಗಾಡಿಯ ಬಳಿ ಬಂದರು. ಚಪ್ಪಲಿ ಬಿಡಲಿಲ್ಲ. ಎಡಗಡೆಯ ಬಾಗಿಲು ತೆರೆದು ಪತ್ರೆಯನ್ನು ಕರುವಿಗೆ ಹಾಕಿದರು. ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು ಉಳಿದದ್ದನ್ನು ಮುರಿಗೆಪ್ಪನ ಕೈಗೆ ಕೊಟ್ಟರು. ಶಾಲು ತೆಗೆದರು.

ಆಮೇಲೆ ಸಾರಿನ ಹಂಡೆಯ ಒಂದು ಬಳೆ ತಾವು ಹಿಡಿದು, ಇನ್ನೊಂದು ಹಿಡಿಯಲು ನೀಲಗಂಗವ್ವನನ್ನು ಕರೆದರು. ಇಬ್ಬರೂ ಅದನ್ನು ಎತ್ತಿ ಗದ್ದಿಗೆಯ ಮೇಲಿಟ್ಟರು.

ದೊಡ್ಡಜ್ಜಾರು ಕೂತು ಬಿದ್ದ ತಗ್ಗಿನಲ್ಲಿ ಹಂಡೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಲುಗಾಡಿಸಿದರೂ ಅಲುಗಲಿಲ್ಲ.

ಮುರಿಗೆಪ್ಪ ಹಂಡೆಯ ಕಡೆ ಕೈ ಚಾಚಿದ.

“ಅಜ್ಜಾರ, ಅದು ಗದ್ದಿಗೀರಿ.”

“ಹೌದು. ಅದಕ್ಕ ಸಾರು ಚೆಲ್ಲಂಗಿಲ್ಲ.”

ಅಜ್ಜಾರು ರೇಷ್ಮೆ ಶಾಲನ್ನು ನಾಲ್ಕು ಮಡಿಕೆ ಮಾಡಿ, ಎಂಟು ಮಡಿಕೆ ಮಾಡಿ, ಬಲಗಡೆಯ ತಗ್ಗಿಸಿದ ಸೀಟಿನ ಮೇಲಿಟ್ಟು ಕೈಯಿಂದ ಒತ್ತಿ ನೋಡಿದರು. ಸಾಲದೆಂದು ತಮ್ಮ ಹೆಗಲ ಮೇಲಿನ ವಸ್ತ್ರವನ್ನೂ ಮಡಿಸಿ ಅದರ ಮೇಲಿಟ್ಟರು.

“ಇದರ ಮ್ಯಾಲೆ ನಾ ಹೆಂಗ ಕೂಡ್ಲಿ ಅಜ್ಜಾರ?”

“ದಾರಿ ಕಾಣೂ ಹಂಗ ಕೂಡು.”

ಮುರಿಗೆಪ್ಪ ಕೂತ. ಗಾಡಿ ಓಡಿಸತೊಡಗಿದ ಮೇಲೆ ಮೊದಲ ಸಲ ರಸ್ತೆಯನ್ನು ನೋಡಿದ. ರಸ್ತೆ ಅವನು ತಿಳಿದಿದ್ದಕ್ಕಿಂತ ಅಗಲವಾಗಿತ್ತು.

ನೀಲಗಂಗವ್ವ ಹಂಡೆಯ ಪಕ್ಕದಲ್ಲಿ, ಬಾಗಿಲಿಗೆ ಒತ್ತಿಕೊಂಡು ಕೂತಳು. ದೊಡ್ಡಜ್ಜಾರಿಗೆ ಸ್ವಲ್ಪ ಆ ಕಡೆ ಸರಿಯಲು ಹೇಳಪ್ಪಾ ಎಂದು ಮುರಿಗೆಪ್ಪನನ್ನು ಕೆಣಕಿದಳು. ಅವನು ನಗಲಿಲ್ಲ. ಅಜ್ಜಾರು ಹಿಂದೆ ಹತ್ತಿ ರೊಟ್ಟಿಯ ಬುಟ್ಟಿಗೆ ಆತುಕೊಂಡು ಕೂತರು.

ಗಾಡಿ ಹೊರಟಿತು. ದಾರಿಯಲ್ಲಿ ಕಾಯಿ ಹಿಡಿದು ನಿಂತವರು ಒಳಗೆ ನೋಡಿದರು. ಒಳಗೆ ಒಂದು ಹಂಡೆ, ಅಡುಗೆಯವಳು, ಬೆವರುತ್ತಿರುವ ಮುರಿಗೆಪ್ಪ. ಅವರು ಕಾಯಿ ಒಡೆಯಬೇಕೋ ಬೇಡವೋ ಎಂದು ಒಬ್ಬರನ್ನೊಬ್ಬರು ನೋಡಿಕೊಳ್ಳುವುದರೊಳಗೆ ಗಾಡಿ ಮುಂದೆ ಹೋಗಿತ್ತು.

ಸೇತುವೆ ದಾಟಿತು. ಅಲ್ಲಿಂದ ಪೇಟೆಯವರೆಗೆ ಏರು.

ಏರಿನಲ್ಲಿ ಎಂಜಿನ್ ಜೋರಾಗಿ ಕೂಗಿತು. ಗಾಡಿ ಮಾತ್ರ ಅಷ್ಟು ಜೋರಾಗಿ ಹೋಗಲಿಲ್ಲ. ಕರಕಾದ ವಾಸನೆ ಬಂತು. ಸಾರು ತಳ ಹಿಡಿಯಿತೇನೋ ಎಂದು ನೀಲಗಂಗವ್ವ ಹಂಡೆಯ ಮುಚ್ಚಳ ತೆಗೆದು ನೋಡಿದಳು. ಸಾರು ಸರಿಯಾಗಿತ್ತು.

ಮುರಿಗೆಪ್ಪ ಎರಡೂ ಕೈಯಿಂದ ಸ್ಟೀರಿಂಗ್ ಬಿಗಿಹಿಡಿದಿದ್ದ. ಪಕ್ಕದಲ್ಲಿ ಗದ್ದಿಗೆ, ಬೆನ್ನ ಹಿಂದೆ ಗುರು, ಕೂತದ್ದು ಗುರುವಿನ ವಸ್ತ್ರದ ಮೇಲೆ. ಇದಕ್ಕಿಂತ ದೊಡ್ಡ ಗಳಿಗೆ ತನ್ನ ಜನ್ಮದಲ್ಲಿ ಬರಲಾರದು ಎನಿಸಿತು.

“ಅಜ್ಜಾರ” ಎಂದ, ಹಿಂದೆ ತಿರುಗದೆ. “ಇವತ್ತರ ಹೇಳ್ತೀರೇನ್ರಿ?”

ಹಿಂದೆ ಬುಟ್ಟಿ ಸರಿದ ಸಪ್ಪಳವಾಯಿತು. ಗಾಜಿಲ್ಲದ ಕಿಟಕಿಯಿಂದ ಅಜ್ಜಾರ ತಲೆ ಒಳಗೆ ಬಂತು. ಉಪದೇಶ ಕೊಡುವಾಗ ಬೇರೆಯವರಿಗೆ ಕೇಳಿಸದಂತೆ ಅಂಗೈ ಅಡ್ಡ ಹಿಡಿಯುವುದುಂಟು. ಅಜ್ಜಾರು ಹಾಗೆಯೇ ಹಿಡಿದರು. ಅವರ ಉಸಿರು ಬಲಗಿವಿಗೆ ತಾಗಿತು.

ಮುರಿಗೆಪ್ಪ ಕಣ್ಣು ಮುಚ್ಚಬೇಕೆಂದುಕೊಂಡ. ಎದುರಿಗೆ ರಸ್ತೆ ಕಾಣುತ್ತಿದ್ದುದರಿಂದ ಮುಚ್ಚಲಿಲ್ಲ.

“ಕ್ಲಚ್ ಮ್ಯಾಲಿನ ಕಾಲು ತಗಿ” ಎಂದರು ಗುರುಗಳು.