ಚಿಪ್ಪು ಕುಟ್ಟಿದ ಬೀರಮ್ಮ

ಬಹಳ ಕಾಲದ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಒಂದು ಊರಿತ್ತು. ಎಷ್ಟು ಕಾಲದ ಹಿಂದೆ ಅಂತ ಮಾತ್ರ ಕೇಳಬೇಡಿ, ನನಗೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ. ಆ ಊರಲ್ಲಿ ಬೀರಮ್ಮ ಅನ್ನುವ ಹೆಂಗಸು ಇದ್ದಳಂತೆ. ಗಂಡ ಹೊಳೆಪಾಲಾಗಿದ್ದ, ಮಕ್ಕಳಿರಲಿಲ್ಲ. ನೀರು ಇಳಿದಾಗ ಕೆಸರಿಗಿಳಿದು ಬೆಳಚು ಆರಿಸಿ ಮಾರುವುದೇ ಅವಳ ಬದುಕು. ಬೆಳಚು ಅಂದರೆ ಗೊತ್ತಲ್ಲ, ಎರಡು ಚಿಪ್ಪಿನ ನಡುವೆ ಒಂದು ತುತ್ತು ಮಾಂಸ. ಮನೆಮನೆಯಲ್ಲೂ ಅದರದೇ ಸಾರು. ತಿಂದುಳಿದ ಚಿಪ್ಪು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದು, ಮಳೆಗೆ ಬಿಸಿಲಿಗೆ ಚೂರಾಗುತ್ತಿತ್ತು. ಕೋಳಿಗಳು ದಿನವಿಡೀ ಆ ರಾಶಿ ಕೆದಕುತ್ತಿದ್ದವು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಕೋಳಿ ಅಂದಮೇಲೆ ಕೆದಕದೆ ಇನ್ನೇನು ಮಾಡೀತು?

ಹೀಗಿರುವಾಗ ಊರಗೌಡ ಹಮ್ಮಣ್ಣ ಮಗನ ಮದುವೆ ಮಾಡಿದ. ಮನೆಗೆ ಸುಣ್ಣ ಬಳಿಸಬೇಕು ಅಂತ ಹೊಳೆದಂಡೆಯಲ್ಲಿ ಭಟ್ಟಿ ಹಾಕಿಸಿ ಚಿಪ್ಪು ಸುಡಿಸಿದ. ಸುಣ್ಣ ಅದೆಷ್ಟು ಬೆಳ್ಳಗೆ ಬಂತೆಂದರೆ, ದೋಣಿಯವರು ದೂರದೂರದಿಂದ ಬಂದು ಒಯ್ಯತೊಡಗಿದರಂತೆ. ಮದುವೆ ಮುಗಿದರೂ ಭಟ್ಟಿ ಆರಲಿಲ್ಲ. ಊರ ಅಂಗಳಗಳಿಂದ ಚಿಪ್ಪು ಗುಡಿಸಿ ಭಟ್ಟಿಗೆ ಹೊರುವ ಕೆಲಸ ಬೀರಮ್ಮನಿಗೆ ಸಿಕ್ಕಿತು. ಅಂಗಳ ಚೊಕ್ಕಟವಾಯಿತು ಅಂತ ಎಲ್ಲರಿಗೂ ಖುಷಿ. ಬೀರಮ್ಮನಿಗೂ ಎರಡು ಹೊತ್ತಿನ ಗಂಜಿಗೆ ತೊಂದರೆ ಇಲ್ಲದಾಯಿತು.

ಕೆಲವು ತಿಂಗಳು ಕಳೆದವು. ಊರ ಕೋಳಿಗಳು ಮೆತ್ತನೆ ಮೊಟ್ಟೆ ಇಡತೊಡಗಿದವಂತೆ. ಮೇಲೆ ಗಟ್ಟಿ ಸಿಪ್ಪೆಯೇ ಇಲ್ಲ, ಬರೀ ಪೊರೆ. ಎತ್ತಿದರೆ ಕೈಯಲ್ಲೇ ಜೋತು ಬೀಳುತ್ತಿತ್ತು. ಕಾವಿಗೆ ಕೂತ ಕೋಳಿಯ ಭಾರಕ್ಕೇ ಒಡೆದುಹೋಗುತ್ತಿತ್ತು. ಊರಲ್ಲೆಲ್ಲೂ ಒಂದು ಮರಿಯ ಸದ್ದಿಲ್ಲ. ಇದು ಶುರುವಾದದ್ದು ಯಾವಾಗ ಅಂತ ಹೆಂಗಸರು ಮಾತಾಡಿಕೊಂಡರು. ಗೌಡರ ಮನೆಗೆ ಸೊಸೆ ಬಂದ ಮೇಲಲ್ಲವೇ ಅಂದರು. ಸೋಮಿ ಅಂತ ಆ ಹುಡುಗಿಯ ಹೆಸರು, ಆಗ ಆರು ತಿಂಗಳ ಬಸುರಿ. ಅವಳ ಕಾಲ್ಗುಣ ಸರಿಯಿಲ್ಲ ಅಂದರು. ಅವಳ ಹೊಟ್ಟೆಯ ಕೂಸೂ ಹೀಗೇ ಎಲುಬಿಲ್ಲದೆ ಹುಟ್ಟುತ್ತದೆ ಅಂದಳಂತೆ ಒಬ್ಬಳು. ಅಂದವಳು ಬೇರೆ ಯಾರೂ ಅಲ್ಲ, ಗೌಡತಿ, ಸ್ವಂತ ಅತ್ತೆ. ಅಂಥ ನಾಲಿಗೆಗೆ ಹುಳ ಬೀಳಲಿ ಅಂತ ನಾನಂತೂ ಇವತ್ತಿಗೂ ಬಯ್ಯುತ್ತೇನೆ. ಹುಣ್ಣಿಮೆ ಕಳೆದ ಮಾರನೇ ದಿನ ಸೋಮಿಯನ್ನು ದೋಣಿ ಹತ್ತಿಸುವುದು, ಮತ್ತೆ ಕರೆಯದೇ ಇರುವುದು ಅಂತ ತೀರ್ಮಾನವಾಯಿತು. ತವರು ಅಂತ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಕಣ್ಣು ಕಾಣದ ಒಬ್ಬ ಅಜ್ಜ ಮಾತ್ರ.

ಆ ದಿನಗಳಲ್ಲಿ ಬೀರಮ್ಮನ ಕೋಳಿ ಮಾತ್ರ ಗಟ್ಟಿ ಮೊಟ್ಟೆ ಇಡುತ್ತಿತ್ತಂತೆ. ಅವಳು ಆ ಮೊಟ್ಟೆಗಳನ್ನು ಅಕ್ಕಿ ಮಡಕೆಯೊಳಗೆ ಬಚ್ಚಿಟ್ಟಳು. ಊರಿಗೆಲ್ಲ ಕೇಡು, ಒಂಟಿ ಹೆಂಗಸಿನ ಮನೆಯಲ್ಲಿ ಮಾತ್ರ ಒಳ್ಳೇದು ಅಂದರೆ ಜನ ಸುಮ್ಮನಿರುತ್ತಾರೆಯೇ, ಮಾಟ ಅನ್ನುತ್ತಾರೆ. ಒಂದು ಸಂಜೆ ಅವಳು ದಿನದ ಹಾಗೆ ಚಿಪ್ಪು ಹೊತ್ತ ಬುಟ್ಟಿಯನ್ನು ಅಂಗಳದಲ್ಲಿ ಕೊಡವಿದಳು. ಉದುರಿದ ಚಿಪ್ಪಿನ ಚೂರಿಗೆ ಕೋಳಿ ಓಡಿ ಬಂತು, ಹಾಕಿದ ಕಾಳು ಬಿಟ್ಟು ಚೂರನ್ನೇ ಗಬಗಬ ನುಂಗಿತು. ಮೊಟ್ಟೆಯ ಸಿಪ್ಪೆ ಆಗುವುದು ಈ ಚಿಪ್ಪಿನಿಂದಲೇ ಅಂತ ಬೀರಮ್ಮನಿಗೆ ಆಗ ಹೊಳೆಯಿತಂತೆ. ಊರ ಕೋಳಿಗಳ ಬಾಯಿಂದ ಕಿತ್ತು ಭಟ್ಟಿಗೆ ಸುರಿದವಳು ತಾನು, ಶಿಕ್ಷೆ ಆ ಬಸುರಿಗೆ. ಬಾಯಿ ಬಿಟ್ಟರೆ ಮಾಟಗಾತಿ ಅನ್ನಿಸಿಕೊಳ್ಳಬೇಕು, ಗಂಜಿಯೂ ಹೋಗುತ್ತದೆ. ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೂರು ದಿನ ಅವಳು ಎಂದಿನಂತೆ ಭಟ್ಟಿಗೆ ಚಿಪ್ಪು ಹೊತ್ತಳು. ಪಾಪ, ಹೆದರಿದಳು. ಹೆದರಲಿಲ್ಲ ಅಂತ ಹೇಳುವವರೂ ಇದ್ದಾರೆ, ಅವರ ಮಾತು ಕೇಳಬೇಡಿ.

ದೋಣಿ ಬಿಡುವ ಹೊತ್ತಿಗೆ ಊರೆಲ್ಲ ದಂಡೆಯಲ್ಲಿತ್ತು. ಸೋಮಿ ಗಂಟು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಬೀರಮ್ಮ ಮೊಣಕಾಲುಮಟ್ಟ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡಳಂತೆ.

"ಒಡೆಯಾ, ಕೋಳಿ ತಿನ್ನೋ ಚಿಪ್ಪನ್ನ ಗುಡಿಸಿ ಒಯ್ದವಳು ನಾನು. ಈ ಹುಡುಗಿ ಏನೂ ಮಾಡಿಲ್ಲ. ಕಳಿಸೋದಾದ್ರೆ ನನ್ನ ಕಳಿಸಿ."

ಗೌಡ ನಕ್ಕನಂತೆ. ಹೊಳೆಯ ಚಿಪ್ಪಿಗೂ ಕೋಳಿಯ ಮೊಟ್ಟೆಗೂ ಎಲ್ಲಿಯ ನಂಟು ಅಂದನಂತೆ. ಕೋಳಿ ತಿಂದದ್ದರಿಂದಲೇ ತಾನೇ ಮೊಟ್ಟೆ ಕಟ್ಟಬೇಕು, ಗೋಡೆ ಕಟ್ಟುವವನಿಗೆ ಕಲ್ಲೇ ಕೊಡದಿದ್ದರೆ ಹೇಗೆ ಅಂತ ಬೀರಮ್ಮ ಕೇಳಿದಳು. ಅಡಗಿಸಿಟ್ಟ ಮೊಟ್ಟೆಗಳನ್ನೂ ತಂದು ಎಲ್ಲರೆದುರು ಇಟ್ಟಳು. ಜನ ಗುಸುಗುಸು ಮಾಡಿದರು. ಕೊನೆಗೆ ಗೌಡ ಅಮಾವಾಸ್ಯೆಯವರೆಗೆ ಗಡುವು ಕೊಟ್ಟ. ಅಷ್ಟರಲ್ಲಿ ಸರಿಹೋಗದಿದ್ದರೆ ಇಬ್ಬರೂ ಒಂದೇ ದೋಣಿ ಹತ್ತಬೇಕು.

ಬೀರಮ್ಮ ಕುಟ್ಟಿದಳು. ಸುಟ್ಟ ಸುಣ್ಣ ಕೋಳಿಯ ಬಾಯನ್ನೂ ಸುಡುತ್ತದೆ ಅಂತ ಹಸಿ ಚಿಪ್ಪನ್ನೇ ತೊಳೆದು ಒಣಗಿಸಿ ಒರಳಿಗೆ ಹಾಕಿದಳು. ಹಿಟ್ಟಾದರೆ ಕೋಳಿ ಹೆಕ್ಕುವುದಿಲ್ಲ ಅಂತ ಅಕ್ಕಿ ನುಚ್ಚಿನಷ್ಟೇ ದಪ್ಪಕ್ಕೆ ಕುಟ್ಟಿದಳು. ಕಾಳಿನ ಜೊತೆ ಬೆರೆಸಲಿಲ್ಲ, ಮನೆಮನೆಯಲ್ಲೂ ಬೇರೆ ತೆಂಗಿನ ಗೆರಟೆಯಲ್ಲಿಟ್ಟಳು. ಬೇಕಾದವಳು ಬೇಕಾದಷ್ಟು ತಿನ್ನಲಿ, ಹೊಟ್ಟೆಯೊಳಗಿನದು ಅವಳಿಗೇ ಗೊತ್ತು ಅಂದಳಂತೆ. ಸಂಜೆ ಗೂಡು ಸೇರುವ ಮುಂಚೆ ಕೋಳಿಗಳು ಗೆರಟೆಗೆ ಮುತ್ತುತ್ತಿದ್ದವು. ಅಂಗೈ ಬೊಬ್ಬೆ ಬಂದು ಒಡೆದರೂ ಅವಳು ಒನಕೆ ಬಿಡಲಿಲ್ಲವಂತೆ.

ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಗೂಡಿಗೆ ಕೈ ಹಾಕಿದವಳು ಗೌಡತಿ. ಸಿಕ್ಕ ಮೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ನೋಡಿದಳು. ಇನ್ನಷ್ಟು ಒತ್ತಿದಳು. ಒಡೆಯಲಿಲ್ಲ. ಒಳಗೆ ಹೋಗಿ ಅದನ್ನು ಸೋಮಿಯ ಮಡಿಲಲ್ಲಿಟ್ಟು, ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಅತ್ತಳಂತೆ. ಮೂರು ತಿಂಗಳ ಮೇಲೆ ಹುಟ್ಟಿದ ಹೆಣ್ಣುಕೂಸು ಕೈಕಾಲು ಝಾಡಿಸಿದ ರಭಸಕ್ಕೆ ಸೂಲಗಿತ್ತಿಯೇ ಹಿಂದೆ ಸರಿದಳಂತೆ.

ಬೀರಮ್ಮ ಮತ್ತೆ ಭಟ್ಟಿಗೆ ಚಿಪ್ಪು ಹೊರಲಿಲ್ಲ, ಒಪ್ಪೊತ್ತಿನ ಗಂಜಿಯಲ್ಲೇ ಮುದುಕಿಯಾದಳು. ಅವಳು ಸತ್ತ ದಿನ ಏಳೂರಿನ ಕೋಳಿಗಳು ಬಂದು ಅವಳ ಅಂಗಳದಲ್ಲಿ ನಿಂತವಂತೆ. ಅದನ್ನು ನಾನು ನಂಬುವುದಿಲ್ಲ, ನಂಬುವವರು ನಂಬಿ. ಆದರೆ ಇದನ್ನು ಕಣ್ಣಾರೆ ಕಂಡಿದ್ದೇನೆ. ಹೊಳೆಯ ಆ ದಂಡೆಯ ಊರಲ್ಲಿ ಹೊಸ ಸೊಸೆ ಬಂದು ನಿಂತರೆ, ಅತ್ತೆಯಾದವಳು ಮೊದಲು ಹೊರಗೆ ಬಂದು ಒಂದು ಮುಷ್ಟಿ ಚಿಪ್ಪಿನ ನುಚ್ಚನ್ನು ಕೋಳಿಗಳಿಗೆ ಎರಚುತ್ತಾಳೆ. ಆಮೇಲೆ ಎಲ್ಲರೂ ಕೇಳುವ ಹಾಗೆ, "ಈ ಅಂಗಳದಲ್ಲಿ ಏನು ಕೊರತೆ ಕಂಡರೂ ಅದು ನಂದು ಮಗಾ, ನಿಂದಲ್ಲ," ಅಂತ ಹೇಳುತ್ತಾಳೆ. ಆ ಮಾತು ಹೇಳುವ ತನಕ ಯಾವ ಸೊಸೆಯೂ ಹೊಸ್ತಿಲು ದಾಟುವುದಿಲ್ಲ.