ಮೊಗ್ಗಿನ ಅಂಚು

“ಗುರುಗಳೇ, ಒಬ್ಬಳು ಬಿಟ್ಟುಹೋದ ಮೇಲೆ ಇನ್ನೊಬ್ಬಳ ಕೈ ಹಿಡಿಯಲು ಎಷ್ಟು ದಿನ ಕಾಯಬೇಕು?”

ಕೇಳಿದವನು ನಿಜಗುಣನೆಂಬ ಶಿಷ್ಯ. ಅವನನ್ನು ಮದುವೆಯಾಗಲು ಒಪ್ಪಿದ್ದ ಹುಡುಗಿ ಮನಸ್ಸು ಬದಲಿಸಿ ಹೊರಟುಹೋಗಿದ್ದಳು. ಈಗ ಬೇರೊಬ್ಬಳು ಒಪ್ಪಿದ್ದಳು. ಸೋಮವಾರ ಅವಳ ಮನೆಯವರು ದಿನ ಗೊತ್ತುಮಾಡಲು ಬರುವವರಿದ್ದರು. ಗುರುಗಳ ಅಪ್ಪಣೆಯೊಂದು ಉಳಿದಿತ್ತು.

“ಮೊದಲಿನವಳು ಹೋಗಿ ಎಷ್ಟು ದಿನವಾಯಿತು?” ಎಂದು ಗುರುಗಳು ಕೇಳಿದರು.

“ನಲವತ್ತೊಂದು.”

“ಎಣಿಸಿ ಇಟ್ಟಿದ್ದೀಯ.”

ನಿಜಗುಣ ತಲೆ ತಗ್ಗಿಸಿದ. “ಹೊಸಬಳಿಗೆ ಎಲ್ಲವೂ ಗೊತ್ತು, ಗುರುಗಳೇ. ಏನನ್ನೂ ಮುಚ್ಚಿಟ್ಟಿಲ್ಲ. ಅವಳದೇನೂ ಅಭ್ಯಂತರವಿಲ್ಲ.”

“ಕುಳಿತುಕೋ,” ಎಂದರು ಗುರುಗಳು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ನೇಕಾರರ ಬೀದಿಯೊಂದರಲ್ಲಿ ಒಬ್ಬ ಹೆಂಗಸಿದ್ದಳು. ಕೆಚ್ಚುವುದು ಅವಳ ಕಸುಬು. ಒಂದು ಹಾಸು, ಎಂದರೆ ಮಗ್ಗಕ್ಕೆ ಉದ್ದುದ್ದ ಹೂಡಿದ ನೂಲು, ನೇಯ್ದು ಮುಗಿದಾಗ ನೇಕಾರ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾನೆ. ಹಳೆಯ ಎಳೆಗಳ ತುದಿಯನ್ನು ಮಾತ್ರ ಒಂದು ಗೇಣಿನಷ್ಟು ಮಗ್ಗದಲ್ಲೇ ಬಿಡುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದೊಂದು ಹಾಸಿನಲ್ಲೂ ನಾಲ್ಕು ಸಾವಿರ ಎಳೆ. ಎಳೆ ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತ ಅವಳು ಎರಡು ದಿನದಲ್ಲಿ ಮುಗಿಸುತ್ತಿದ್ದಳು. ಅವಳು ಕೆಚ್ಚಿದ ಎಳೆ ಬಿಟ್ಟುಕೊಂಡದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಕೆಚ್ಚುವುದಕ್ಕೆ ಕಾರಣವಿತ್ತು. ಮಗ್ಗದಲ್ಲಿ ಎಳೆಗಳನ್ನು ಎತ್ತಿ ಇಳಿಸುವ ನಾಲ್ಕು ಚೌಕಟ್ಟು, ಅಣಿಗಳು, ಇರುತ್ತವೆ. ಅಣಿಗಳ ತುಂಬ ನೂಲಿನ ಕುಣಿಕೆಗಳು. ಯಾವ ಎಳೆ ಯಾವ ಅಣಿಯ ಕುಣಿಕೆಯಲ್ಲಿ ಹಾದಿದೆಯೋ ಅದರಂತೆ ಬಟ್ಟೆಯ ಮೇಲೆ ವಿನ್ಯಾಸ ಮೂಡುತ್ತದೆ. ಮಗ್ಗವನ್ನು ಬರಿದು ಮಾಡಿ ಎಲ್ಲ ಎಳೆಗಳನ್ನೂ ಮೊದಲಿನಿಂದ ಪೋಣಿಸಬೇಕೆಂದರೆ ಇಬ್ಬರಿಗೆ ಆರು ದಿನ ಹಿಡಿಯುತ್ತದೆ. ಕೆಚ್ಚಿದರೆ ಎರಡೇ ದಿನ; ಹೊಸ ಎಳೆ ಹಳೆಯದರ ಕುಣಿಕೆಯಲ್ಲೇ ಹಾದು ಹಳೆಯ ವಿನ್ಯಾಸವೇ ಮತ್ತೆ ಮೂಡುತ್ತದೆ. ಆ ಬೀದಿಯಲ್ಲಿ ಒಂದು ನಂಬಿಕೆಯೂ ಇತ್ತು. ನೇಕಾರ ಸತ್ತಾಗ ಮಾತ್ರ ಅವನ ಮಗ್ಗದ ಎಳೆಗಳನ್ನು ಎಳೆದು ಹಾಕುತ್ತಿದ್ದರು. ಬರಿ ಮಗ್ಗವೆಂದರೆ ಸಾವಿನ ಮನೆ.

ಒಂದು ದಿನ ಒಬ್ಬ ನೇಕಾರ ಅವಳಿಗೆ ಹೇಳಿ ಕಳುಹಿಸಿದ. ಅವನ ಸಂಗತಿ ಬೀದಿಗೆಲ್ಲ ಗೊತ್ತಿತ್ತು. ಅವನಿಗೆ ನಿಶ್ಚಯವಾಗಿದ್ದ ಹುಡುಗಿ ಮೂರು ವಾರದ ಕೆಳಗೆ, “ನನ್ನ ಮನಸ್ಸು ಇಲ್ಲಿಲ್ಲ,” ಎಂದಷ್ಟೇ ಹೇಳಿ ಊರು ಬಿಟ್ಟಿದ್ದಳು. ಆಗ ಮಗ್ಗದ ಮೇಲಿದ್ದದ್ದು ಅವಳದೇ ಮದುವೆಯ ಸೀರೆ. ಅಂಚಿಗೆ ಸಾಲು ಮೊಗ್ಗು ಬರಬೇಕೆಂದು ಆ ಹುಡುಗಿಯೇ ಲೆಕ್ಕ ಹಾಕಿ, ಅಣಿಗಳಿಗೆ ಎಳೆಯನ್ನು ತಾನೇ ಪೋಣಿಸಿದ್ದಳು. ಮಗ್ಗದ ಹಿಂದೆ ಕುಳಿತು ಒಂದೊಂದೇ ಎಳೆ ಎತ್ತಿ ಕೊಟ್ಟವನು ಅವನು. ಅವಳು ಹೋದ ಮೇಲೆ ಆ ಸೀರೆಯನ್ನು ನೇಯ್ದು ಮುಗಿಸಿ, ಸಂತೆಗೆ ಒಯ್ದು ಮಾರಿ ಬಂದಿದ್ದ. ಅವನ ಕಣ್ಣಲ್ಲಿ ಒಂದು ಹನಿಯನ್ನೂ ಯಾರೂ ನೋಡಿರಲಿಲ್ಲ.

ಕೆಚ್ಚುವವಳು ಬಂದು ಮಗ್ಗದ ಹಿಂದೆ ಕುಳಿತಳು. ಹಳೆಯ ತುದಿಗಳು ಕೆಂಪು. ಹೊಸ ಹಾಸು ಹಸಿರು. ಸಾಮಾನ್ಯವಾಗಿ ಅವಳು ಕೆಲಸ ಮಾಡುವಾಗ ಮನೆಯವರು ಅವಳ ತಲೆಯ ಮೇಲಿಂದ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಈ ನೇಕಾರ ಅವಳ ಎದುರಿಗೇ ಬಂದು ಕುಳಿತ.

“ಇಷ್ಟು ಎಳೆಯಲ್ಲಿ ಒಂದು ತಪ್ಪಿದರೆ ನಿಮಗೆ ಗೊತ್ತಾಗುತ್ತದೆಯೇ?” ಎಂದು ಕೇಳಿದ.

“ನನಗೆ ಗೊತ್ತಾಗುವುದಿಲ್ಲ. ಉಟ್ಟವಳ ಅತ್ತೆಗೆ ಗೊತ್ತಾಗುತ್ತದೆ.”

ಅವನು ಜೋರಾಗಿ ನಕ್ಕ. ಆ ಹುಡುಗಿ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲೆಂದು ಪಕ್ಕದ ಮನೆಯ ಮುದುಕಿ ಆಮೇಲೆ ಹೇಳಿದಳು. ನಗಿಸಿದವಳು ತಾನು ಎಂದು ಕೆಚ್ಚುವವಳಿಗೆ ಹೆಮ್ಮೆಯೆನಿಸಿತು. ಅವಳಿಗೆ ಮೂವತ್ತೊಂದು ವರ್ಷ. ಊರಿನ ಎಷ್ಟೋ ಮದುವೆಯ ಸೀರೆಗಳಿಗೆ ಎಳೆ ಸೇರಿಸಿದ್ದಳು. ತನಗೂ ಒಂದು ಇರಬಹುದೆಂದು ಎಣಿಸುವುದನ್ನು ಬಿಟ್ಟಿದ್ದಳು.

ಮರುದಿನ ಕೆಲಸ ಮುಗಿಯುವ ಹೊತ್ತಿಗೆ ಅವನು ಹೇಳಿದ: “ಈ ಹಸಿರು ಸೀರೆಯನ್ನು ನೀವೇ ಉಡಬಾರದೇಕೆ?”

ಅವಳಿಗೆ ಅರ್ಥವಾಯಿತು. ಕೈಯಲ್ಲಿದ್ದ ಎಳೆ ಜಾರಿತು. ಅದನ್ನು ಹುಡುಕಿ ಎತ್ತಿಕೊಂಡು, ಹೊಸೆದು ಮುಗಿಸಿ, ಆಮೇಲೆ ಕೇಳಿದಳು: “ನೀವು ಇನ್ನೂ ಅತ್ತೇ ಇಲ್ಲವಂತೆ?”

“ಅಳುವುದಕ್ಕೇನಿದೆ? ಹೋದವಳು ಹೋದಳು. ಮಗ್ಗ ನಿಲ್ಲಬಾರದು.”

ಮಗ್ಗ ನಿಲ್ಲಬಾರದೆಂಬುದು ಬೀದಿಯಲ್ಲಿ ಎಲ್ಲರೂ ಆಡುವ ಮಾತು. ಅವಳಿಗೂ ಅದು ವಿವೇಕದ ಮಾತಾಗಿಯೇ ಕಂಡಿತು. ಆದರೂ ಒಂದು ಕೇಳಿಕೊಂಡಳು.

“ಹಾಗಿದ್ದರೆ ಅಂಚನ್ನಾದರೂ ಬದಲಿಸೋಣ. ಮಗ್ಗ ಬರಿದು ಮಾಡಿ ಮೊದಲಿನಿಂದ ಪೋಣಿಸೋಣ. ನಾನು ಕೆಚ್ಚಿದ್ದು ಹೋದರೆ ಹೋಗಲಿ.”

“ಮದುವೆಯ ಮನೆಯಲ್ಲಿ ಬರಿ ಮಗ್ಗವೇ? ಬಿಡ್ತು ಅನ್ನಿ,” ಎಂದ ನೇಕಾರ. “ಬಣ್ಣವೇ ಬೇರೆಯಾದ ಮೇಲೆ ಅಂಚಿನದೇನು?”

ಅವಳು ಬಿಡ್ತು ಎಂದಳು. ಉಳಿದ ಎಳೆಗಳನ್ನು ಕೆಚ್ಚಿದಳು.

ಮದುವೆಯ ದಿನ ಹೆಂಗಸರು ಸೀರೆ ನೋಡಲು ಸುತ್ತ ನೆರೆದರು. ಪಕ್ಕದ ಮನೆಯ ಮುದುಕಿ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು.

“ಬಣ್ಣವೇನೋ ಹೊಸದು ಕಣೇ ತಾಯಿ. ಮೊಗ್ಗು ಮಾತ್ರ ಗುರುತಿನದು.”

ಉಳಿದವರು ಬಾಯಿಗೆ ಸೆರಗು ಒತ್ತಿಕೊಂಡರು. ಮದುಮಗಳೂ ನಕ್ಕಳು. ಆ ದಿನ ಅವಳಿಗೆ ಏನೂ ನೋಯಲಿಲ್ಲ.

ನೇಕಾರ ಕೆಟ್ಟ ಗಂಡನಲ್ಲ. ಉಣ್ಣುವಾಗ ತಪ್ಪು ಹುಡುಕುತ್ತಿರಲಿಲ್ಲ. ಸಂತೆಯಿಂದ ಬರುವಾಗ ಹೂ ತರುತ್ತಿದ್ದ. ಮೊದಲಿನವಳ ಹೆಸರನ್ನು ಒಮ್ಮೆಯಾದರೂ ಎತ್ತಲಿಲ್ಲ. ಹೆಂಡತಿ ಎದುರಿಗೆ ಕುಳಿತು ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಹಾಸು ಮುಗಿದಾಗಲೆಲ್ಲ ಹೊಸದನ್ನು ಅವಳೇ ಕೆಚ್ಚುತ್ತಿದ್ದಳು. ಹಳದಿ ಬಂತು, ನೀಲಿ ಬಂತು, ಕಪ್ಪು ಬಂತು. ಯಾವ ಬಣ್ಣ ಬಂದರೂ ಅಂಚಿನಲ್ಲಿ ಅದೇ ಮೊಗ್ಗು.

ಹೊಸ ಬಟ್ಟೆ ಒಂದು ಗೇಣು ಬೆಳೆದಾಗ ಪ್ರತಿ ಸಲವೂ ಅವನ ಲಾಳಿ ನಿಲ್ಲುತ್ತಿತ್ತು. ಹೆಬ್ಬೆರಳಿನಿಂದ ಅವನು ಮೊಗ್ಗುಗಳನ್ನು ಒಂದು ಸಲ ಸವರುತ್ತಿದ್ದ. ಆಗ ಅವನ ಮುಖ ಬೇರೆಯಾಗುತ್ತಿತ್ತು. ಅವಳು ಕುಳಿತಿದ್ದದ್ದು ಎರಡು ಮೊಳ ದೂರದಲ್ಲಿ. ಆ ಮುಖವನ್ನು ಅವನು ಒಮ್ಮೆಯಾದರೂ ಎತ್ತಿ ತನ್ನ ಕಡೆ ತಿರುಗಿಸಿಯಾನು ಎಂದು ಅವಳು ಕಾದಳು. ಅವನು ತಲೆ ಎತ್ತುತ್ತಿದ್ದ. ಎತ್ತುವಷ್ಟರಲ್ಲಿ ಮುಖ ಮೊದಲಿನಂತಾಗಿರುತ್ತಿತ್ತು. “ನೂಲು ಕೊಡು,” ಎನ್ನುತ್ತಿದ್ದ.

ಪ್ರತಿ ಹಾಸು ಮುಗಿದಾಗಲೂ ಅವಳು ಕೇಳುತ್ತಿದ್ದಳು: “ಈ ಸಲ ಬರಿದು ಮಾಡೋಣವೇ?”

“ಮುಂದಿನ ಸಲ ನೋಡೋಣ. ನಾಲ್ಕು ದಿನ ಸುಮ್ಮನೆ ಹಾಳು.”

ಹೀಗೆ ನಾಲ್ಕು ವರ್ಷ ಕಳೆಯಿತು. ಅವಳಿಗೆ ಯಾರನ್ನು ದೂರಬೇಕೋ ತಿಳಿಯಲಿಲ್ಲ. ಬಿಟ್ಟುಹೋದವಳು ಬಿಟ್ಟೇ ಹೋಗಿದ್ದಳು, ಹಿಂದಿರುಗಿ ನೋಡಿರಲಿಲ್ಲ. ಅವನು ಕೇಳಿದ್ದ, ಬಲವಂತ ಮಾಡಿರಲಿಲ್ಲ. ಇನ್ನೊಬ್ಬಳು ಬಿಟ್ಟ ತುದಿಗೆ ಬೂದಿ ಹಚ್ಚಿ, ಬಿಡದಂತೆ ಹೊಸೆದು ಸೇರಿಸಿದ್ದು ತನ್ನದೇ ಕೈ.

ಹನ್ನೆರಡನೆಯ ಹಾಸು ಮುಗಿಯಿತು. ನೇಕಾರ ಸೀರೆಗಳನ್ನು ಹೊತ್ತು ಸಂತೆಗೆ ಹೋದ. ಅವಳು ಮಗ್ಗದ ಮುಂದೆ ಕುಳಿತು ಅಣಿಗಳಿಂದ ಹಳೆಯ ತುದಿಗಳನ್ನು ಹಿಡಿಹಿಡಿಯಾಗಿ ಎಳೆದಳು. ಪೋಣಿಸಲು ಆರು ದಿನ ಬೇಕಾದ ಎಳೆಗಳನ್ನು ಎಳೆದು ತೆಗೆಯಲು ಒಂದು ಹೊತ್ತೂ ಹಿಡಿಯಲಿಲ್ಲ.

ಮಜ್ಜಿಗೆಯ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಮುದುಕಿ ಬರಿ ಮಗ್ಗವನ್ನು ನೋಡಿ ಎದೆ ಬಡಿದುಕೊಂಡಳು.

“ಅಯ್ಯಯ್ಯೋ, ಯಾರು ಹೋದರೇ?”

“ಯಾರೂ ಹೋಗಿಲ್ಲ, ಅಜ್ಜಿ. ನಾಲ್ಕು ವರ್ಷದ ಕೆಳಗೆ ಹೋದವಳನ್ನು ಇವತ್ತು ಕಳಿಸಿದೆ.”

ಮುದುಕಿ ಹೆಪ್ಪನ್ನು ಮರೆತು ಹಿಂದಿರುಗಿದಳು.

ಸಂಜೆ ನೇಕಾರ ಬಂದ. ಮೆಟ್ಟು ಕಳಚದೆ ಬಾಗಿಲಲ್ಲೇ ನಿಂತ. ಅವನು ಕೂಗಾಡುತ್ತಾನೆಂದು ಅವಳು ಕಾದಿದ್ದಳು, ಕೈ ಎತ್ತಿದರೂ ತಡೆದುಕೊಳ್ಳಲು ಸಿದ್ಧಳಿದ್ದಳು. ಅವನು ಮಗ್ಗದ ಬಳಿಗೆ ಹೋಗಿ ಕುಸಿದು ಕುಳಿತ. ಖಾಲಿ ಅಣಿಗಳನ್ನು ಹಿಡಿದುಕೊಂಡು ಅತ್ತ. ಸತ್ತ ಮನೆಯಲ್ಲಿ ಅಳುವಂತೆ, ಬಾಯಿ ಬಿಟ್ಟು ಅತ್ತ. ನಡುವೆ ಆ ಹುಡುಗಿಯ ಹೆಸರು ಬಂತು. ಆ ಮನೆಯಲ್ಲಿ ಅವಳು ಆ ಹೆಸರನ್ನು ಕೇಳಿದ್ದು ಅದೇ ಮೊದಲು.

ಅವಳು ತಡೆಯಲಿಲ್ಲ. ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟು ಗೋಡೆಗೆ ಒರಗಿ ಕುಳಿತಳು. ನಾಲ್ಕು ವರ್ಷದಲ್ಲಿ ಅವಳ ಮನಸ್ಸು ಅಷ್ಟು ಹಗುರವಾದದ್ದಿಲ್ಲ. ಅಳಬೇಕಾದದ್ದನ್ನು ಅತ್ತ, ಇನ್ನು ಮುಗಿಯಿತು ಎಂದುಕೊಂಡಳು.

ನಾಲ್ಕು ದಿನ ಮಗ್ಗ ಬರಿದಾಗಿಯೇ ಇತ್ತು. ಐದನೆಯ ದಿನ ಬೆಳಿಗ್ಗೆ ಅವನೇ ಕರೆದ.

“ಬಾ, ಎಳೆ ಕೊಡು. ಮೊದಲಿನಿಂದ ಪೋಣಿಸುತ್ತೇನೆ.”

“ಅಂಚು?”

“ನಿನಗೆಂದೇ ಹೊಸದು ಹಾಕುತ್ತೇನೆ.”

ಅವಳು ಮಗ್ಗದ ಹಿಂದೆ ಕುಳಿತಳು. ಅವನು ಮುಂದೆ. ಸೀರೆಯ ಒಡಲಿನಿಂದ ಆರಂಭಿಸಿದರು. ಒಡಲಿನ ಕೆಲಸ ಸರಳ, ನಾಲ್ಕು ಅಣಿಗೂ ಸರದಿಯಂತೆ ಒಂದೊಂದು ಎಳೆ. ಐದು ದಿನ ಹಿಡಿಯಿತು. ಆ ಐದು ದಿನ ಅವರು ಬೇಕಾದಷ್ಟು ಮಾತಾಡಿದರು. ಎಳೆಗಳ ಸಂದಿಯಿಂದ ಅವನು ಆಗಾಗ ಅವಳನ್ನು ನೋಡುತ್ತಿದ್ದ. ಒಮ್ಮೆ ಕೇಳಿದ: “ನಿನ್ನ ಹಣೆಯ ಮೇಲೆ ಆ ಗಾಯದ ಗುರುತು ಮೊದಲಿನಿಂದಲೂ ಇತ್ತೇ?”

“ಹುಟ್ಟಿ ಮೂರು ವರ್ಷಕ್ಕೆ ಆದದ್ದು. ಈಗ ಕಂಡಿತೇ ನಿಮಗೆ?” ಎಂದು ಅವಳು ಅಣಕಿಸಿದಳು. ಇಬ್ಬರೂ ನಕ್ಕರು. ಮದುವೆಯಾದದ್ದು ಈಗ ಎಂದು ಅವಳಿಗನಿಸಿತು.

ಆರನೆಯ ದಿನ ಅಂಚಿಗೆ ಬಂದರು. ಅವಳು ಎಳೆ ಕೊಟ್ಟಳು. ಅವನು ಅದನ್ನು ಮೂರನೆಯ ಅಣಿಗೆ ಪೋಣಿಸಿದ. ಮುಂದಿನದನ್ನು ಒಂದನೆಯದಕ್ಕೆ. ಆಮೇಲೆ ನಾಲ್ಕು. ಮತ್ತೆ ಒಂದು. ಅವನ ಕೈ ಈಗ ಬೇಗ ಬೇಗ ಓಡುತ್ತಿತ್ತು. ಒಡಲಿನ ಎಳೆಗಳನ್ನು ಪೋಣಿಸುವಾಗ ಎಣಿಸುತ್ತಿದ್ದವನು ಅಂಚಿಗೆ ಬಂದ ಮೇಲೆ ಎಣಿಸಲೇ ಇಲ್ಲ. ಎರಡು. ಒಂದು. ನಾಲ್ಕು. ಒಂದು.

ಆ ತುದಿಗಳಿಗೆ ಹನ್ನೆರಡು ಸಲ ಎಳೆ ಕೆಚ್ಚಿದವಳು ಅವಳು. ಮೊಗ್ಗಿನ ಆ ಕ್ರಮವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂಬತ್ತನೆಯ ಎಳೆಯನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

“ಇದು ಯಾವ ಅಂಚು?”

“ಹೊಸದು,” ಎಂದ ಅವನು. “ಕೈಗೆ ತಾನಾಗಿಯೇ ಬರುತ್ತಿದೆ. ನೋಡುತ್ತಿರು, ನಿನಗೆ ಚೆನ್ನಾಗಿ ಒಪ್ಪುತ್ತದೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೆ ಅವನ ದನಿಯಲ್ಲೇ ತಿಳಿಯಿತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಅವಳು ಉಳಿದ ಎಳೆಗಳನ್ನು ಸಿಕ್ಕಾಗದಂತೆ ಒಟ್ಟುಮಾಡಿ ಕಟ್ಟಿದಳು. ಎದ್ದಳು. ಬಾಗಿಲು ದಾಟಿ ಹೋದಳು. ಅವನು ಮುಂದಿನ ಎಳೆಗಾಗಿ ಕೈ ಚಾಚಿಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ನಿಜಗುಣ ಕೇಳಿದ: “ಮೂರು ವಾರ ಸಾಲದೆಂದು ತಿಳಿಯಿತು, ಗುರುಗಳೇ. ಹಾಗಾದರೆ ಆ ನೇಕಾರ ಎಷ್ಟು ದಿನ ಕಾಯಬೇಕಿತ್ತು?”

ಗುರುಗಳು ಹೇಳಿದರು: “ಅವನ ಮಾತು ಬಿಡು. ನೀನು ಕಾಯಬೇಕಾದದ್ದು, ಇಂಥ ಕತೆ ಕೇಳಿದ ಮೇಲೆ, ‘ಆ ಕೆಚ್ಚುವವಳು ಎಲ್ಲಿಗೆ ಹೋದಳು?’ ಎಂದು ಮೊದಲು ಕೇಳಬೇಕೆನಿಸುವ ತನಕ.”