ಬೋಂಡನ ಹಿಂಗಾಲು

ಟೀ ಅಂಗಡಿ ಸಾಕವ್ವನ ಕೈ ನಡುಗುತ್ತಿತ್ತು. ನಾಯಿ ಬೋಂಡನ ಹಿಂಗಾಲಿಗೆ ಇವತ್ತೇ ಆಪರೇಷನ್ ಆಗದಿದ್ದರೆ ಕಾಲನ್ನೇ ತೆಗೆಯಬೇಕು ಅಂದಿದ್ದರು ಡಾಕ್ಟರು. ವಿಮಾ ಕಂಪನಿಯ ಆಫೀಸಿನಲ್ಲಿ ಸಾಹೇಬ ಪರಶಿವಪ್ಪ ಮಾತ್ರ ಕುರ್ಚಿಗೆ ಒರಗಿ, "ಈ ಕಾಲುನೋವು ವಿಮೆ ಮಾಡ್ಸೋಕೆ ಮುಂಚೇನೇ ಇತ್ತು. ಹಳೇ ರೋಗಕ್ಕೆ ನಾವು ಕೊಡಲ್ಲ" ಅಂದುಬಿಟ್ಟರು.

ವಾದ ಮಾಡಿದರೆ ಹೊರಗೆ ಹಾಕುತ್ತಾರೆ. ಅಲ್ಲಿ ಆಸ್ಪತ್ರೆಯಲ್ಲಿ ಬೋಂಡ ನರಳುತ್ತಿದ್ದಾನೆ. ಸಾಕವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಇಡೀ ಆಫೀಸಿಗೆ ಕೇಳುವಂತೆ ಹೇಳಿದಳು.

"ನಿಜ ಇರಬೇಕು ಸ್ವಾಮಿ. ವಿಮೆಗೆ ಮುಂಚೆ ನಾಯಿ ಪರೀಕ್ಷೆ ಮಾಡೋಕೆ ಬಂದಿದ್ರಲ್ಲ, ಅವತ್ತು ನಿಮ್ಮನ್ನ ಅಟ್ಟಿಸ್ಕೊಂಡು ಬಂದು ಪ್ಯಾಂಟು ಹರಿದಿದ್ದು ಒಂದು ಕುಂಟು ನಾಯಿ!"

ಗುಮಾಸ್ತರೆಲ್ಲ ಕಿಸಕ್ಕನೆ ನಕ್ಕರು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

"ಕುಂಟು ನಾಯೀನಾ? ಕಾಲೇಜಲ್ಲಿ ಓಟದ ಕಪ್ ಗೆದ್ದೋನು ನಾನು! ಅದು ಚಿರತೆ ಹಂಗೆ ಹಾರ್ಕೊಂಡು ಬಂತು ಕಣಮ್ಮ! ನಾಲ್ಕು ಕಾಲೂ ಕಬ್ಬಿಣದ ಥರ ಇದ್ವು!"

"ಅಷ್ಟನ್ನೇ ಬರೆದು ಸಹಿ ಹಾಕಿ ಸ್ವಾಮಿ."

ಸಾಹೇಬರು ಗುಮಾಸ್ತರ ಮುಖ ನೋಡಿದರು. ಬೇರೆ ದಾರಿ ಇರಲಿಲ್ಲ. ಪೆನ್ನು ತೆಗೆದರು.

"ಕಾಲು ವಾಸಿಯಾದ ಮೇಲೆ ಬೋಂಡನ್ನ ಕರ್ಕೊಂಡು ಬರ್ತೀನಿ, ನೀವೇ ನೋಡೀರಂತೆ" ಅಂದಳು ಸಾಕವ್ವ.

ಈಗ ಸಾಹೇಬರ ಕೈ ನಡುಗಿತು.